ಮಾಪಣ್ಣನ ಮಾತು

ಗೌತಮಿ ಮೊದಲ ಸಲ ಜನರನ್ನು ನಗಿಸಿದ್ದು ಕಲಬುರಗಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ, ಅಪ್ಪನ ಉಗ್ಗನ್ನು ಇಟ್ಟುಕೊಂಡು. ಅಪ್ಪ, ಕಮಲಾಪುರದ ಮಾಪಣ್ಣ, ಗೌಂಡಿ ಕೆಲಸದವನು. ಒಂದು ಮಾತು ಹೊರಬರಬೇಕಾದರೆ ಮೂರು ಸಲ ಎಡವುತ್ತಿದ್ದ. ಅವನು ಗ್ಯಾಸ್ ಏಜೆನ್ಸಿಗೆ ಫೋನ್ ಮಾಡುತ್ತಾನೆ, ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅತ್ತಲಿನವರು ಫೋನ್ ಇಟ್ಟುಬಿಡುತ್ತಾರೆ, ಇಷ್ಟೇ ಪ್ರಸಂಗ. ಸಭೆ ಬಿದ್ದು ಬಿದ್ದು ನಕ್ಕಿತು.

ಅಲ್ಲಿಂದ ಅವಳ ದಾರಿ ತೆರೆಯಿತು. ಹಗಲು ಕಲಬುರಗಿಯ ಖೂಬಾ ಪ್ಲಾಟ್‌ನ ಒಂದು ವಿಮಾ ಕಚೇರಿಯಲ್ಲಿ ಕೆಲಸ, ಸಂಜೆ ಬರವಣಿಗೆ. 'ನಮ್ಮಪ್ಪ ಮಾಪಣ್ಣ' ಎಂದು ಹೆಸರಿಟ್ಟು ಹಾಕಿದ ವಿಡಿಯೋಗಳನ್ನು ಲಕ್ಷಗಟ್ಟಲೆ ಜನ ನೋಡಿದರು. ಸಂಘಗಳ ವಾರ್ಷಿಕೋತ್ಸವ, ನೌಕರರ ಸಮ್ಮೇಳನ, ಕೊನೆಗೆ ಟೀವಿ. ಬೇರೆ ಪ್ರಸಂಗಗಳನ್ನೂ ಬರೆದಳು. ಜನ ಮಾತ್ರ "ಅಪ್ಪಂದು ಮಾಡ್ರೀ ಮೇಡಂ" ಎಂದೇ ಕೂಗುತ್ತಿದ್ದರು.

ಮಾಪಣ್ಣ ಒಮ್ಮೆಯೂ ಬೇಡ ಅನ್ನಲಿಲ್ಲ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಊರಿನ ಚಹಾದಂಗಡಿಯಲ್ಲಿ ಜನ ಎದುರೆದುರೇ ಅವನ ಹಾಗೆ ಮಾತಾಡಿ ತೋರಿಸತೊಡಗಿದ ಮೇಲೆ ಅವನು ಅಲ್ಲಿಗೆ ಹೋಗುವುದನ್ನು ಬಿಟ್ಟ. ಕೆಲಸದ ಜಾಗದಲ್ಲಿ ಇಟ್ಟಿಗೆ, ಸಿಮೆಂಟನ್ನು ಕೈಸನ್ನೆಯಲ್ಲೇ ಕೇಳತೊಡಗಿದ. ತಾಯಿ ಶೇವಂತಾ ಒಂದು ದಿನ ಫೋನ್ ಮಾಡಿದಳು.

"ನಿಮ್ಮಪ್ಪ ಮನ್ಯಾಗೂ ಮಾತಾಡವಲ್ಲ, ಗೌತಮಿ. ಅದೊಂದು ಬಿಟ್ಟುಬಿಡು ಯವ್ವಾ."

"ಈ ತಿಂಗಳು ಒಪ್ಕೊಂಡಿದ್ದು ಮುಗಿಸಿ ಬಿಡ್ತೀನಿ ಅವ್ವಾ."

ತಿಂಗಳು ಮುಗಿಯಿತು. ಅವಳು ಮತ್ತೆರಡು ಕಾರ್ಯಕ್ರಮ ಒಪ್ಪಿಕೊಂಡಳು.

ಫೆಬ್ರವರಿಯ ಒಂದು ಬೆಳಿಗ್ಗೆ ಮಾಪಣ್ಣನಿಗೆ ಎದೆ ಹಿಡಿದುಕೊಂಡಿತು. ಶೇವಂತಾ ಕೂಲಿಗೆ ಹೋಗಿದ್ದಳು. ಅವನೊಬ್ಬನೇ ಹತ್ತಿರದ ಸಣ್ಣ ದವಾಖಾನೆಗೆ ನಡೆದುಹೋದ. ಡಾಕ್ಟರ್ ಇನ್ನೂ ಬಂದಿರಲಿಲ್ಲ. "ಎ... ಎ... ಎದಿ..." ಅನ್ನುವಷ್ಟರಲ್ಲಿ ಕಂಪೌಂಡರ್ ಅಬ್ರಾರ್ ಗುರುತು ಹಿಡಿದು ನಕ್ಕ. ಬೆಂಚಿನ ಮೇಲಿದ್ದವರೂ ನಕ್ಕರು. ಒಬ್ಬಾಕೆ ಮೊಬೈಲ್ ತೆಗೆದು ಹಿಡಿದಳು. ಮಾಪಣ್ಣ ಬಾಯಿ ಮುಚ್ಚಿಕೊಂಡ. ಎದೆಯಿಂದ ಕೆಳಗೆ ಕೈ ಆಡಿಸಿ ತೋರಿಸಿದ. ಅಬ್ರಾರ್ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದ. ಮಧ್ಯಾಹ್ನ ಶೇವಂತಾ ಬರುವ ಹೊತ್ತಿಗೆ ಅವನು ಗೋಡೆಗೆ ಒರಗಿ ಕೂತಲ್ಲೇ ತಣ್ಣಗಾಗಿದ್ದ.

ಮಣ್ಣು ಮಾಡಿದ ಮೂರನೆಯ ದಿನ, ದವಾಖಾನೆಯಲ್ಲಿ ಆ ಹೆಂಗಸು ತೆಗೆದ ವಿಡಿಯೋ ಫೋನಿಗೆ ಬಂದದ್ದೇ ತಡ, ಗೌತಮಿ ಅಲ್ಲಿಗೆ ನುಗ್ಗಿದಳು.

"ಸಾಯಾಕತ್ತಿದ್ದ ಮನಶ್ಯಾನ ಮುಂದ ನಕ್ಕೀಯಲ್ಲಾ ನೀನು!"

ಅಬ್ರಾರ್ ಎದ್ದು ನಿಂತ. "ತಪ್ಪಾಯ್ತು ಅಕ್ಕಾ. ಅವರು ಬಾಯಿ ತೆಗದ ಕೂಡಲೇ ನಿಮ್ ವಿಡಿಯೋನೇ ನೆನಪಾಯ್ತು. ಖರೇನೇ ಆರಾಮಿಲ್ಲ ಅಂತ ಅನ್ನಿಸಲೇ ಇಲ್ಲ."

ಬೈಯಲೆಂದು ಬಂದಿದ್ದ ಗೌತಮಿ ಫೋನ್ ಹೊರತೆಗೆದಳು. ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದಾಗಿ ವಿಡಿಯೋಗಳನ್ನು ಅಳಿಸಿದಳು. ಅಷ್ಟರಲ್ಲಾಗಲೇ ಯಾರ್‍ಯಾರೋ ಇಳಿಸಿಕೊಂಡು ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು. ಅವು ಹಾಗೇ ಓಡಾಡುತ್ತಿದ್ದವು.

ಏಪ್ರಿಲ್‌ನಲ್ಲಿ, ಮೊದಲೇ ಒಪ್ಪಿಕೊಂಡಿದ್ದ ಜೇವರ್ಗಿ ಕಾಲೋನಿಯ ಕಾರ್ಯಕ್ರಮಕ್ಕೆ ಹೊಸದೊಂದು ಪ್ರಸಂಗ ಬರೆದುಕೊಂಡು ಹೋದಳು. ಐದು ನಿಮಿಷವಾಗಿರಲಿಲ್ಲ, ಹಿಂದಿನ ಸಾಲಿನವರು ಅಪ್ಪಂದು ಬೇಕೆಂದು ಕೂಗಿದರು.

"ಅವರು ತೀರ್ಕೊಂಡಾರ್ರೀ" ಅಂದಳು.

ಜನ ಅದಕ್ಕೂ ನಕ್ಕರು. ಮುಂದಿನ ಸಾಲಿನ ಹೆಂಗಸೊಬ್ಬಳು ನಕ್ಕು ನಕ್ಕು ನೀರು ಬಂದ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಗೌತಮಿ ಮೈಕನ್ನು ನಿರೂಪಕನ ಕೈಗಿಟ್ಟು ಇಳಿದು ಬಂದಳು. ಮತ್ತೆ ವೇದಿಕೆ ಹತ್ತಲಿಲ್ಲ.

ಭಾನುವಾರಗಳಂದು ಕಮಲಾಪುರಕ್ಕೆ ಹೋಗುತ್ತಾಳೆ. ಶೇವಂತಾ ರೊಟ್ಟಿ ಬಡಿದು ತಾಟಿಗೆ ಹಾಕುತ್ತಾಳೆ. "ಉಣ್ಣು" ಅನ್ನುತ್ತಾಳೆ. ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ.