ಒಂದೇ ಮನೆ ನಡೆಯುವ ಕಾಲಾಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಆದರೆ ಮುಚ್ಚಿಟ್ಟರೆ ಶಹಾಬಾದಿನಲ್ಲಿ ನಂಬುವವರಿಲ್ಲ. ಆಟೋದವರಿಂದ ಹಿಡಿದು ಕಾಲೇಜಿನ ಗುಮಾಸ್ತರವರೆಗೆ ಎಲ್ಲರೂ ಒಮ್ಮೆಯಾದರೂ ನನ್ನ ಬಾಯಿಗೆ ಸಿಕ್ಕವರೇ. ನನ್ನ ಮದುವೆಯ ಮಾತು ಬಂದಾಗಲೆಲ್ಲ ನಮ್ಮವ್ವ ಭಾಗಮ್ಮ, ಹುಡುಗನಿಗೆ ಕಿವಿ ಮಂದ ಇದೆಯೇ ಎಂದು ಮೊದಲು ವಿಚಾರಿಸಿ ಎನ್ನುತ್ತಾಳೆ.

ಇಂಥ ನನಗೆ ಚದುರಂಗ ಕಲಿಸಿದವರು ನಮ್ಮ ಓಣಿಯ ರಶೀದಾಬೇಗಂ. ನಾನು ಅಜ್ಜಿ ಎಂಬ ಅರ್ಥದಲ್ಲಿ ಕರೆಯುವುದು ನಾನಿ ಎಂದು. ಅವರ ಗಂಡ ಅಮೀರ್ ಅಲಿ ಮತ್ತು ನಮ್ಮಪ್ಪ ಒಂದೇ ಪಾಲಿಶ್ ಮಶೀನಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಉಜ್ಜಿದವರು. ಅಮೀರ್ ಅಲಿ ತೀರಿಕೊಂಡು ನಾನಿ ಮಾತೇ ಬಿಟ್ಟು ಕುಳಿತ ವರ್ಷ, ಅವ್ವ ನನ್ನನ್ನು ದಿನಾ ಸಂಜೆ ಅವರ ಮನೆಗೆ ಕಳಿಸತೊಡಗಿದಳು. ನನಗಾಗ ಒಂಬತ್ತು ವರ್ಷ. ಅವರ ಪಡಸಾಲೆಯ ಒಂದು ಫರ್ಸಿಯ ಮೇಲೆ ಅಮೀರ್ ಅಲಿ ಗೆರೆ ಕೊರೆದು ಅರವತ್ನಾಲ್ಕು ಮನೆ ಮಾಡಿಟ್ಟಿದ್ದರು. ನಾನಿ ಅದರ ಮೇಲೆ ಕಾಯಿ ಸುರುವಿ, ಇದು ರಾಜ, ಇದು ವಜೀರ, ಇದು ಒಂಟೆ ಎಂದು ತೋರಿಸಿದರು.

ಅವರು ಕಲಿಸಿದ್ದು ಹಳೆಯ ಕಾಲದ ಆಟ. ಅದರಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತದೆ, ಮೊದಲ ಸಲವೂ ಎರಡು ಮನೆ ಹೋಗುವುದಿಲ್ಲ. ರಾಜನನ್ನು ಆನೆಯ ಪಕ್ಕದಲ್ಲಿ ಬಚ್ಚಿಡುವ ಕ್ಯಾಸಲಿಂಗ್ ಇಲ್ಲ. ಬದಲಿಗೆ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ನಮ್ಮ ಕಡೆ ಕಟ್ಟೆಯ ಮೇಲೆ ಕುಳಿತು ಆಡುವ ಹಿರಿಯರು ಇವತ್ತಿಗೂ ಹೀಗೇ ಆಡುತ್ತಾರೆ. ಆಟ ಭಾರೀ ನಿಧಾನ. ಇಪ್ಪತ್ತು ನಡೆಯಾದರೂ ಒಂದು ಕಾಯಿ ಸತ್ತಿರುವುದಿಲ್ಲ. ಮನೆಯಲ್ಲಿ ಸಿಟ್ಟಿಗೆ ತಟ್ಟೆ ಬಿಸಾಡುವ ನಾನು ಆ ಫರ್ಸಿಯ ಮುಂದೆ ಮಾತ್ರ ತಾಸುಗಟ್ಟಲೆ ಮಿಸುಕದೆ ಕೂರುತ್ತಿದ್ದೆ. ಯಾಕೆಂದು ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಕಾಲೇಜು ಸೇರಿದ ವರ್ಷ ಕಲಬುರಗಿಯಲ್ಲಿ ನನ್ನ ಮೊದಲ ಪಂದ್ಯ. ಕಾಲಾಳಿನ ಎರಡು ಮನೆ, ಕ್ಯಾಸಲಿಂಗ್, ಇವೆರಡನ್ನೂ ಗೆಳತಿಯೊಬ್ಬಳು ಬಸ್ಸಿನಲ್ಲೇ ಹೇಳಿಕೊಟ್ಟಿದ್ದಳು. ರಾಜ ಜಿಗಿಯುವಂತಿಲ್ಲ ಎಂದು ಮಾತ್ರ ಹೇಳಿರಲಿಲ್ಲ. ಎಲ್ಲಾದರೂ ರಾಜ ಜಿಗಿಯುತ್ತದೆಂಬುದು ಪಾಪ, ಅವಳಿಗೇನು ಗೊತ್ತು? ಹದಿನೆಂಟನೇ ನಡೆಯಲ್ಲಿ ನಾನು ಠೀವಿಯಿಂದ ರಾಜನನ್ನೆತ್ತಿ ಜಿಗಿಸಿದೆ. ಎದುರಿನ ಹುಡುಗಿ ಕೈ ಎತ್ತಿ ತೀರ್ಪುಗಾರರನ್ನು ಕರೆದಳು. ಅಕ್ಕಪಕ್ಕದ ಮೇಜಿನವರು ನಕ್ಕರು. ನಾನು ತೀರ್ಪುಗಾರರಿಗೇ ಕಾಯ್ದೆ ಕಲಿಸಲು ಹೋದೆ, ಮೇಜು ಗುದ್ದಿದೆ, ಕಾಯಿಗಳೆಲ್ಲ ಉರುಳಿದವು. ಆಟ ಅಲ್ಲಿಗೇ ಮುಗಿಯಿತು.

ಊರಿಗೆ ಬಂದವಳು ನೇರ ನಾನಿಯ ಪಡಸಾಲೆಗೆ ನುಗ್ಗಿ, ತಪ್ಪು ಆಟ ಕಲಿಸಿ ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಳೆದಿರಿ ಎಂದೆ. ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಬೇಳೆ ಆರಿಸುತ್ತಿದ್ದ ಅವರು ತಲೆ ಎತ್ತಲಿಲ್ಲ.

"ನಮ್ಮ ಅಬ್ಬಾ ಹಿಂಗೇ ಕಲಿಸಿದ್ರು ಬೇಟಾ," ಎಂದರು, ಅಷ್ಟೇ.

ಅವತ್ತಿನಿಂದ ಎರಡು ವರ್ಷ ನಾನು ಆ ಮನೆಯ ಮೆಟ್ಟಿಲು ತುಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಹಾಕಿಕೊಟ್ಟವರನ್ನೇ ಬೈದು ಬಂದಿದ್ದೆ.

ಮೇಜು ಗುದ್ದಿದ ಸುದ್ದಿ ನಮ್ಮ ಕಾಲೇಜಿನ ಗಣಿತದ ಸರ್ ರಮೇಶಕುಮಾರ ಅವರ ಕಿವಿಗೆ ಬಿತ್ತು. ಚೆಸ್ ತಂಡ ಅವರ ಕೈಯಲ್ಲಿತ್ತು. ಆಟ ಶುರು ಮಾಡುವ ಬಗೆ, ಅಂದರೆ ಓಪನಿಂಗ್, ಆಡುವವರ ಸ್ವಭಾವಕ್ಕೆ ಹೊಂದಬೇಕು ಎಂಬುದು ಅವರ ಮಾತು. ಮೈಮೇಲೆ ಬಿದ್ದು ಹೊಡೆಯುವವರಿಗೆ ಒಂದು ಬಗೆ, ಜಾಗ ಹಿಡಿದು ಕಾಯುವವರಿಗೆ ಇನ್ನೊಂದು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ನಿನಗೆ ಕಿಂಗ್ಸ್ ಗ್ಯಾಂಬಿಟ್ಟೇ ಸರಿ ಎಂದರು. ಎರಡನೇ ನಡೆಯಲ್ಲೇ ಒಂದು ಕಾಲಾಳನ್ನು ಬಲಿಗೆ ಒಡ್ಡಿ, ನಮ್ಮ ರಾಜನ ಬಾಗಿಲನ್ನೂ ತೆರೆದಿಟ್ಟು, ಎದುರಾಳಿಯ ಮೇಲೆ ಏರಿಹೋಗುವ ಓಪನಿಂಗ್ ಅದು. ನನಗೂ ಹಿಗ್ಗಾಯಿತು. ವರ್ಷವಿಡೀ ಬಾಯಿಪಾಠ ಮಾಡಿದೆ.

ಈ ಜನವರಿಯಲ್ಲಿ ಸೇಡಂನಲ್ಲಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಆಯ್ಕೆ ನಡೆಯಿತು. ನನಗದು ಡಿಗ್ರಿಯ ಕೊನೆಯ ವರ್ಷ, ಆದ್ದರಿಂದ ಕೊನೆಯ ಅವಕಾಶ. ಐದು ಸುತ್ತು, ತಂಡದಲ್ಲಿ ನಾಲ್ಕು ಜಾಗ. ಮೊದಲ ಮತ್ತು ಮೂರನೇ ಸುತ್ತಿನಲ್ಲಿ ಬಿಳಿಕಾಯಿ ಬಂತು, ಗ್ಯಾಂಬಿಟ್ ಆಡಿದೆ, ಎರಡೂ ಸಲ ಇಪ್ಪತ್ತೈದು ನಡೆ ದಾಟುವ ಮೊದಲೇ ಮಕಾಡೆ ಬಿದ್ದೆ. ಕಪ್ಪುಕಾಯಿ ಬಂದ ಎರಡು ಆಟಗಳನ್ನು ಹೇಗೋ ಗೆದ್ದೆ. ಐದನೇ ಸುತ್ತಿನಲ್ಲಿ ಮತ್ತೆ ಬಿಳಿ. ಗೆದ್ದರೆ ತಂಡ, ಸಮವಾದರೂ ಮನೆಯ ದಾರಿ.

ಊಟದ ಬಿಡುವಿನಲ್ಲಿ ಸರ್ ನನ್ನ ನಾಲ್ಕೂ ಆಟಗಳ ನಡೆ ಬರೆದ ಹಾಳೆಗಳನ್ನು ಬೆಂಚಿನ ಮೇಲೆ ಹರಡಿಕೊಂಡು ಕುಳಿತಿದ್ದರು. ಬೈಗುಳಕ್ಕೆ ಸಿದ್ಧಳಾಗಿ, ತಿರುಗಿ ಏನೆನ್ನಬೇಕೆಂದೂ ಯೋಚಿಸಿಕೊಂಡು ಹೋದೆ.

"ಐಶ್ವರ್ಯ, ತಪ್ಪು ನಂದದ," ಎಂದರು. "ನಾ ನಿನ್ನ ಬಾಯಿ ನೋಡಿ ಓಪನಿಂಗ್ ಆರಿಸಿದೆ. ಕೈ ನೋಡ್ಲಿಲ್ಲ."

ಗೆದ್ದ ಎರಡೂ ಆಟ ಅರವತ್ತು ನಡೆ ದಾಟಿದ್ದವು. ಅವುಗಳಲ್ಲಿ ನಾನು ಕಾಲಾಳುಗಳನ್ನು ಒಂದೊಂದೇ ಮನೆ ಸರಿಸುತ್ತ, ಕುದುರೆಗೆ ಒಳ್ಳೆಯ ಜಾಗ ಹುಡುಕುತ್ತ, ಎದುರಿನವರ ತಾಳ್ಮೆ ಕೆಡುವವರೆಗೆ ಕುಳಿತಿದ್ದೆ. ಹೀಗೆ ಕೂರುವುದನ್ನು ಯಾರು ಕಲಿಸಿದರು ಎಂದು ಸರ್ ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ರಶೀದಾಬೇಗಂ ಎಂಬ ಹೆಸರು ನನ್ನ ಬಾಯಿಂದ ಬಂತು. ಅವರ ಆಟದ ಕಾಯ್ದೆಯನ್ನೂ ಹೇಳಿದೆ. ರಾಜನ ಜಿಗಿತ ಕೇಳಿ ಇವರೂ ನಗುತ್ತಾರೆಂದು ಕಾದೆ, ನಗಲಿಲ್ಲ.

"ಅವರು ಕಲಿಸಿದ್ದೇ ಆಡು," ಎಂದರು. "ಜಿಗಿಸೋದೊಂದು ಬಿಡು."

ಪುಸ್ತಕಗಳಲ್ಲಿ ಹೆಚ್ಚುಕಡಿಮೆ ಅಂಥದೇ ಒಂದು ಓಪನಿಂಗ್ ಇದೆಯೆಂದು ಹತ್ತು ನಿಮಿಷದಲ್ಲಿ ತೋರಿಸಿಯೂ ಬಿಟ್ಟರು. ಮೊದಲು ಕುದುರೆ ಹೊರಗೆ. ಆ ಬದಿಯ ಕಾಲಾಳು ಒಂದೇ ಮನೆ, ಅದರ ಹಿಂದೆ ಒಂಟೆ. ವಜೀರನ ಮುಂದಿನ ಕಾಲಾಳೂ ಒಂದೇ ಮನೆ. ಕ್ಯಾಸಲಿಂಗ್ ಮಾಡಿ ರಾಜನನ್ನು ಒಳಗೆ ಕೂರಿಸಿದ ಮೇಲೆ ಜಗಳದ ಮಾತು. ಹೆಸರು ಕಿಂಗ್ಸ್ ಇಂಡಿಯನ್ ಅಟ್ಯಾಕ್. ಹೆಸರಿನಲ್ಲಾದರೂ ಅಟ್ಯಾಕ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ಒಬ್ಬ ಮೇಷ್ಟ್ರು ತಪ್ಪು ನನ್ನದು ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಮಾತಿಗೆ ನಾನು ಅವರಿಗೆ ಸದಾ ಋಣಿ.

ಎದುರಿಗೆ ಕುಳಿತವಳು ಚಿಂಚೋಳಿ ಕಡೆಯ ನಾಹಿದ. ನನ್ನ ಗ್ಯಾಂಬಿಟ್‌ಗೆ ಉತ್ತರ ಕಲಿತೇ ಬಂದಿದ್ದಳು. ನಾನು ಕುದುರೆ ಹೊರಗಿಟ್ಟಾಗ ಹುಬ್ಬು ಗಂಟಿಕ್ಕಿದಳು. ಮೂವತ್ತನೇ ನಡೆಯ ಹೊತ್ತಿಗೆ ಒಮ್ಮೆ ನನ್ನ ಕೈ ತುರಿಸಿತು. ಕುದುರೆಯನ್ನು ಬಲಿ ಕೊಟ್ಟು ನುಗ್ಗೋಣ ಎನ್ನಿಸಿತು. ನಾನಿ ಇಂಥ ಹೊತ್ತಿನಲ್ಲಿ ನನ್ನ ಮಣಿಕಟ್ಟು ಹಿಡಿದು, ತಡಿ ಬೇಟಾ, ಇನ್ನೂ ಒಂದು ಸಲ ನೋಡು ಎನ್ನುತ್ತಿದ್ದರು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಇನ್ನೂ ಒಂದು ಸಲ ನೋಡಿದೆ. ಬಲಿ ಕೊಟ್ಟಿದ್ದರೆ ಮೂರನೇ ನಡೆಗೆ ನಾನೇ ಸಾಯುತ್ತಿದ್ದೆ. ತಾಳಿದವನು ಬಾಳಿಯಾನು ಎಂದು ಅವ್ವ ಹೇಳಿದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು. ಅವತ್ತು ಉರಿಯಲಿಲ್ಲ. ಐವತ್ತರ ಆಸುಪಾಸಿನಲ್ಲಿ ನಾಹಿದಳೇ ಬೇಸತ್ತು ಒಂದು ಕಾಲಾಳನ್ನು ಮುಂದೆ ತಳ್ಳಿದಳು, ನಾನದನ್ನು ಹೊಡೆದೆ. ಆಮೇಲೆ ನನ್ನ ಹೆಚ್ಚಿನ ಕಾಲಾಳು ಕೊನೆಯ ಸಾಲಿನತ್ತ ಒಂದೊಂದೇ ಮನೆ ನಡೆಯಿತು. ಎಪ್ಪತ್ತೊಂದನೇ ನಡೆಗೆ ಅವಳು ಸೋಲೊಪ್ಪಿ ಕೈಕುಲುಕಿದಳು. ಫಲಕದ ಮೇಲೆ ತಂಡದ ನಾಲ್ಕನೇ ಹೆಸರು ನನ್ನದು.

ಸೇಡಂನಿಂದ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದ್. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿದೆ. ಮರುದಿನ ಬೆಳಿಗ್ಗೆ ನಾನಿಯ ಮನೆಯ ಬಾಗಿಲು ಬಡಿದಾಗ ತೆರೆದವಳು ಅವರ ಸೊಸೆ ಮಹೆವಿಶ. ನಾನಿಯನ್ನು ಕಂಡದ್ದೇ ಜೋಡಿಸಿದ ಮಾತೆಲ್ಲ ಕಲಸಿಹೋಯಿತು.

"ನಾನಿ, ತಂಡಕ್ಕ ಆರಿಸ್ಯಾರ ನನ್ನ. ನಿಮ್ಮ ಆಟ ಆಡೇ ಗೆದ್ದೀನಿ," ಎಂದೆ. "ಅವತ್ತು ನಾ ಅಂದದ್ದು ಭಾಳ ತಪ್ಪಾತ್ರಿ. ನನಗ ಕಲಿಸಿದವ್ರು ನೀವೇ."

ಅವರು ಸೆರಗಿನಿಂದ ಮೊದಲು ನನ್ನ ಕಣ್ಣು, ಆಮೇಲೆ ತಮ್ಮ ಕಣ್ಣು ಒರೆಸಿದರು. ಕುಂದ್ರು ಎಂದು ಹೇಳಿ ಕಾಯಿ ಹೂಡಿದರು. ಬಿಳಿ ಅವರದು. ರಾಜನ ಮುಂದಿನ ಕಾಲಾಳನ್ನು ಎತ್ತಿ ಎರಡು ಮನೆ ಮುಂದಿಟ್ಟರು. ನಾನು ಬೆಪ್ಪಾಗಿ ನೋಡಿದೆ.

ಮಹೆವಿಶ ಹೇಳಿದಳು: ನಾನು ಜಗಳವಾಡಿ ಹೋದ ವಾರವೇ ನಾನಿ ಪಂದ್ಯದ ಕಾಯ್ದೆಗಳನ್ನು ಮೊಬೈಲಿನಲ್ಲಿ ಅವಳಿಂದ ಓದಿಸಿಕೊಳ್ಳತೊಡಗಿದ್ದರಂತೆ. ದಿನಾ ಮಧ್ಯಾಹ್ನ ನಮಾಜಿನ ನಂತರ ಎರಡೂ ಕಡೆಯ ಕಾಯಿಗಳನ್ನು ತಾವೇ ನಡೆಸಿ ರೂಢಿ ಮಾಡಿದ್ದರಂತೆ, ಎರಡು ವರ್ಷ.

"ಐಶು ಬಂದೇ ಬರ್ತಾಳ ಅಂತಿದ್ರು," ಎಂದಳು. "ಬಂದಾಗ ಮತ್ತ ತಪ್ಪು ಕಲಿಸಬಾರ್ದು ಅಂತಿದ್ರು."

ನಾನು ನನ್ನ ಕಾಲಾಳನ್ನು ಒಂದು ಮನೆ ಸರಿಸಿದೆ. ಆಡುತ್ತ ಹೋದೆವು. ಎಂಟನೇ ನಡೆಗೆ ನಾನಿ ಕ್ಯಾಸಲಿಂಗ್ ಮಾಡಿದರು. ಮೊದಲು ಆನೆಯನ್ನು ಸರಿಸಿ, ಆಮೇಲೆ ರಾಜನನ್ನು ಅದರ ಆಚೆ ಇಟ್ಟರು. ಪಂದ್ಯದಲ್ಲಿ ಹಾಗೆ ಮಾಡುವಂತಿಲ್ಲ, ಮೊದಲು ರಾಜನನ್ನೇ ಮುಟ್ಟಬೇಕು. ತೀರ್ಪುಗಾರರಿಗೂ ಕಾಯ್ದೆ ಹೇಳಲು ಹೋದ ನನ್ನ ಮುಖವನ್ನು ಅವರು ಪರೀಕ್ಷೆ ಬರೆದವರ ಹಾಗೆ ನೋಡುತ್ತಿದ್ದರು.

"ಸರಿ ಅದ?" ಎಂದು ಕೇಳಿದರು.

"ಸರಿ ಅದ ನಾನಿ," ಎಂದೆ.