ಬೇಲಿಗೂಟದ ಕೆಂಪು ಕೈಗವಸು

ನೀರಿನ ಹೂಜಿಯ ಮೇಲಿದ್ದ ಬಿಸಿಲು ಜರುಗಿ ಪ್ರಬಂಧ ಪರೀಕ್ಷಿಸುತ್ತಿದ್ದ ಪ್ರೊಫೆಸರ್ ಥೋರ್ಕಿಲ್ ಅವರ ಗಡ್ಡಕ್ಕೆ ಹತ್ತಿತು, ಪಾಪ, ಅವರಿಗೆ ಗೊತ್ತೇ ಇಲ್ಲ, ಗಡ್ಡ ಹೊಳೆಯಿಸುತ್ತ ಇನ್ನೂ ಮಾತಾಡುತ್ತಲೇ ಇದ್ದಾರೆ, ಪ್ರಬಂಧಕಾರರು ಇದನ್ನು ಸಂತೋಷದ ಕಥೆ ಅನ್ನುತ್ತಾರೆ, ನಾನು ಒಪ್ಪಲಾರೆ — ಒಪ್ಪಬೇಡಿ, ಅಂದುಕೊಂಡಳು ಸಿಡ್ಸೆಲ್, ಅರವತ್ತರ ಹೊಸ್ತಿಲಲ್ಲಿ ಡಾಕ್ಟರೇಟಿಗಾಗಿ ತನ್ನ ಪ್ರಬಂಧ ಸಮರ್ಥಿಸಲು ಸಭೆಯೆದುರು ನಿಂತವಳಿಗೆ ಯಾರ ಭಯ, ಆದರೂ ಇವತ್ತು ಕಥೆಗೆ ತಾನು ಕೊಟ್ಟ ಈ ಅರ್ಥ ಬಿದ್ದುಹೋದರೆ ಒಬ್ಬಳೇ ನೆಮ್ಮದಿಯಾಗಿ ಬದುಕಿದ ತನ್ನ ಬದುಕಿಗೂ ಎಲ್ಲರೂ ಅಯ್ಯೋ ಪಾಪ ಅಂದೇ ತೀರುತ್ತಾರೆ. ಎಷ್ಟು ಸಣ್ಣ ಕಥೆ ಅದು, ಅಜ್ಜಿಯರೆಲ್ಲ ಹೇಳಿ ಹೇಳಿ ಸವೆಸಿದ್ದು, ದಾರಿಯಲ್ಲಿ ಬಿದ್ದ ಕೆಂಪು ಕೈಗವಸನ್ನು ಯಾರೋ ಪುಣ್ಯಾತ್ಮರು ಬೇಲಿಗೂಟಕ್ಕೆ ತೊಡಿಸುತ್ತಾರೆ, ಇಲ್ಲಿ ಎಲ್ಲರೂ ಮಾಡುವ ಹಾಗೆ, ಕಳಕೊಂಡವರಿಗೆ ಕಾಣಲಿ ಅಂತ, ಯಾರೂ ಬರುವುದಿಲ್ಲ, ಗವಸು ಹೋಗಿಬರುವವರಿಗೆ ಕೈ ತೋರುತ್ತ ಚಳಿಗಾಲ ಕಳೆಯುತ್ತದೆ, ಅಷ್ಟೇ. ವಿಮರ್ಶಕರದು ನೂರು ವರ್ಷದಿಂದ ಒಂದೇ ರಾಗ, ಇದನ್ನು ಬರೆದ ಕಥೆಗಾರನಿಗೆ ಮದುವೆಯಾಗಲಿಲ್ಲ, ಅವನು ಒಲಿದವಳು ಒಲ್ಲೆನೆಂದಳು, ಆ ಗವಸು ಅವನೇ, ಅದಕ್ಕೇ ಇದು ದುಃಖದ ಕಥೆ. ಮದುವೆಯಾಗದವರನ್ನು ಕಂಡರೆ ಲೋಕಕ್ಕೆ ಎಲ್ಲಿಲ್ಲದ ಕರುಣೆ, ಅಕ್ಕ ಬೋಡಿಲ್‌ಗೂ ಅಷ್ಟೇ, ಪ್ರತಿ ಕ್ರಿಸ್‌ಮಸ್ಸಿಗೆ ಬಾತುಕೋಳಿ ಹುರಿದು ತಂಗಿಯ ಪಕ್ಕ ಒಬ್ಬ ವಿಧುರನನ್ನು ಕೂರಿಸುತ್ತಾಳೆ, ಹೋದ ವರ್ಷದವನು ಕೆಂಪು ಎಲೆಕೋಸು ಅಗಿಯುತ್ತ ತೀರಿಹೋದ ಹೆಂಡತಿಯ ಮಂಡಿನೋವು ವರ್ಣಿಸಿದ, ಒಳ್ಳೆಯವನೇ, ಆದರೆ ಮನೆಗೆ ಬಂದು ಬೂಟು ಕಳಚಿ ಕಾಫಿಗಿಟ್ಟು ಒಬ್ಬಳೇ ಕೂತಾಗ ಆದ ಸುಖ —

ಸಭೆಯಲ್ಲಿ ಯಾರಾದರೂ ಎದುರಾಡುವವರಿದ್ದೀರಾ, ಅಧ್ಯಕ್ಷರು ಪದ್ಧತಿಯಂತೆ ಕೇಳುತ್ತಿದ್ದಾರೆ, ಬಾಗಿಲು ದಾಟಿ ಬಂದವರು ಯಾರು ಬೇಕಾದರೂ ಏಳಬಹುದು, ಸಾಮಾನ್ಯವಾಗಿ ಯಾರೂ ಏಳುವುದಿಲ್ಲ, ಎದ್ದಳು, ದೇವರೇ, ಬೋಡಿಲ್, ಕೈಚೀಲ ಅವುಚಿಕೊಂಡೇ. ನಂದು ಒಂದೇ ಪ್ರಶ್ನೆ, ಅಲ್ಲ ಕಣೇ, ಸಂತೋಷ ಸಂತೋಷ ಅಂತ ಇಷ್ಟು ದಪ್ಪ ಪುಸ್ತಕ ಬರ್ದಿದೀಯ, ಹುಡ್ಕೊಂಡು ಯಾರೂ ಬರ್ದೇ ಇದ್ರೂ ಆ ಗವಸು ಖುಷಿಯಾಗೇ ಇತ್ತು ಅಂತ ನಿಂಗೆ ಹೇಗೆ ಗೊತ್ತು. ಜನ ನಕ್ಕರು, ಥೋರ್ಕಿಲ್ ಗಡ್ಡ ಸವರಿಕೊಂಡರು, ಅಕ್ಕ ನಗುತ್ತಿಲ್ಲ, ಎಷ್ಟೋ ಕ್ರಿಸ್‌ಮಸ್ಸುಗಳಿಂದ ಕೇಳಲಾರದೆ ಉಳಿಸಿಕೊಂಡದ್ದನ್ನು ಇವತ್ತು ಕೇಳಿಬಿಟ್ಟಿದ್ದಾಳೆ, ಅಡಿಟಿಪ್ಪಣಿಗಳೆಲ್ಲ ತಲೆಯಿಂದ ಹಾರಿಹೋದವು, ಶಾಲೆಯ ದಾರಿ, ಹಿಮ, ಪುಟ್ಟ ಸಿಡ್ಸೆಲ್‌ಳ ಒಂದು ಕೈ ಜೇಬಿನಲ್ಲಿ, ಎದುರಿಗೆ ಬೇಲಿಗೂಟದ ಮೇಲೆ ಅವಳದೇ ಕೆಂಪು ಗವಸು, ಹೆಬ್ಬೆರಳೆತ್ತಿ — ಬಂದಿದ್ದೆ ಬೋಡಿಲ್, ಬಾಯಿ ತಾನೇ ಹೇಳುತ್ತಿದೆ, ಕಥೇಲಿ ಯಾರೂ ಬರ್ಲಿಲ್ಲ, ನನ್ನ ಗವಸಿಗೆ ನಾನು ಬಂದಿದ್ದೆ, ದಿನಾ ಅದರ ಮುಂದೇನೇ ಹಾದುಹೋಗ್ತಿದ್ದೆ, ತೆಗೀಲಿಲ್ಲ, ಅಷ್ಟು ಚೆನ್ನಾಗಿತ್ತು ಅದು ಅಲ್ಲಿ. ಆಮೇಲೆ ಅಕ್ಕ, ಮೆಲ್ಲಗೆ, ಅದಕ್ಕೇನಾ ಕಳ್ಳಿ, ಚಳಿಗಾಲ ಪೂರ್ತಿ ನನ್ನ ಗವಸಲ್ಲಿ ಒಂದನ್ನ ನೀನು ಹಾಕ್ಕೊಂಡಿದ್ದು, ಕೂರುತ್ತಿದ್ದಾಳೆ, ಮೂಗೊರೆಸಿಕೊಳ್ಳುತ್ತ, ಈ ಸಲ ಕ್ರಿಸ್‌ಮಸ್ಸಿಗೆ ನಿನ್ನ ಪಕ್ಕದ ಕುರ್ಚಿ ಖಾಲಿ ಬಿಡ್ತೀನಿ ಹೋಗು. ಅಧ್ಯಕ್ಷರು ಏನೋ ಹೇಳುತ್ತಿದ್ದಾರೆ, ಚಪ್ಪಾಳೆಯೋ ಏನೋ, ಬಿಸಿಲು ಗಡ್ಡ ಬಿಟ್ಟು ಗೋಡೆಗೆ ಹೋಗಿದೆ, ಸಿಡ್ಸೆಲ್‌ಗೆ ಬೇರೇನೂ ಕಾಣುತ್ತಿಲ್ಲ, ಹಿಮ, ಬೇಲಿಗೂಟ, ಅದರ ಮೇಲೆ ಕೆಂಪು ಗವಸು, ಹೆಬ್ಬೆರಳೆತ್ತಿ