ಬಾಗಿಲು ದಾಟದ ದೆಹರಿ

ಕಾವಲಿನವರು ಹನ್ನೊಂದು ಹೆಂಗಸರ ಬುಟ್ಟಿಗಳಲ್ಲಿದ್ದ ಜೇಡಿಮಣ್ಣನ್ನು ನದಿಗೆ ಸುರಿದರು, ಗುದ್ದಲಿಗಳನ್ನು ಕಿತ್ತುಕೊಂಡರು. ದಂಡೆ ಈಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು.

ಆ ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಕಲಸಿ ಆಳೆತ್ತರದ ಕಣಜ ಕಟ್ಟುವುದು ಥಾರೂ ಬುಡಕಟ್ಟಿನ ಹೆಂಗಸರ ಕೆಲಸ. ಅದಕ್ಕೆ ದೆಹರಿ ಎನ್ನುತ್ತಾರೆ. ಆ ಹನ್ನೊಂದು ಮಂದಿಯಲ್ಲೊಬ್ಬಳಾದ ಜಗ್‌ರಾನಿಯ ಎರಡು ದೆಹರಿಗಳಲ್ಲಿ ಒಂದು ಈ ಮಳೆಗಾಲದಲ್ಲಿ ಬಿರಿದುಹೋಗಿತ್ತು. ಕೊಯ್ಲಿಗೆ ಇನ್ನೊಂದೇ ತಿಂಗಳು. ಹೊಸದು ಕಟ್ಟದಿದ್ದರೆ ಅರ್ಧ ಭತ್ತ ನೆಲದ ಮೇಲೆ, ಇಲಿಗಳ ಬಾಯಿಗೆ.

ವಾರದ ಮೇಲೆ ಉದ್ಯಾನದ ಅಧಿಕಾರಿಯೇ ಆರು ಸಿಪಾಯಿಗಳೊಂದಿಗೆ ಅವಳ ಅಂಗಳಕ್ಕೆ ಬಂದ. ಪ್ರವಾಸಿಗರಿಗೆಂದು ಥಾರೂ ಸಂಸ್ಕೃತಿಯ ಸಂಗ್ರಹಾಲಯ ತೆರೆಯುತ್ತಿದ್ದನಂತೆ.

"ಜಗ್‌ರಾನಿಯಮ್ಮಾ, ನವಿಲು ಬರೆದಿರೋ ದೆಹರಿ ನಿಮ್ಮನೇಲಿದೆಯಂತಲ್ಲ. ಅದು ಬೇಕಿತ್ತು."

"ತಗೊಂಡ್ಹೋಗಿ ಸಾಹೇಬ್ರೆ. ಕಾಡು ತಗೊಂಡ್ರಿ, ಮೀನು ತಗೊಂಡ್ರಿ, ಇದೊಂದನ್ನ ಯಾಕೆ ಬಿಟ್ಟಿದ್ರೋ!"

ನಾದಿನಿ ದುಖ್ನಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಿಪಾಯಿಗಳು ಏದುಸಿರು ಬಿಡುತ್ತ, ಬಿರಿಯದೆ ಉಳಿದಿದ್ದ ಆ ನವಿಲಿನ ದೆಹರಿಯನ್ನು ಬಾಗಿಲವರೆಗೆ ತಂದರು. ಅಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿದರು, ತಿರುಗಿಸಿದರು. ಒಬ್ಬನ ಟೋಪಿ ಒಲೆಯ ಬೂದಿಗೆ ಬಿತ್ತು. ಇನ್ನೊಬ್ಬ ದೆಹರಿಗೂ ಕಂಬಕ್ಕೂ ನಡುವೆ ಅಪ್ಪಚ್ಚಿಯಾಗಿ ನಿಂತ. ಅಷ್ಟರಲ್ಲಿ ಊರಿನ ಹೆಂಗಸರೆಲ್ಲ ಅಂಗಳದಲ್ಲಿ ನೆರೆದಿದ್ದರು.

"ಮೆಲ್ಲಗೆ ಕಣಣ್ಣಾ, ತುಂಬಿದ ಬಸುರಿ ಅದು!" ಎಂದಳು ದುಖ್ನಿ.

"ಇದನ್ನ ಒಳಗೆ ಹೇಗ್ರೀ ತಂದ್ರಿ?" ಅಧಿಕಾರಿ ಬೆವರು ಒರೆಸಿಕೊಂಡ.

"ತಂದ್ರೆ ತಾನೆ? ನಮ್ಮತ್ತೆ ಒಳಗೇ ಕೂತು ಕಟ್ಟಿದ್ದು. ದೆಹರಿ ಹುಟ್ಟೋದೇ ಒಳಗೆ."

"ಮೊದಲೇ ಹೇಳಬಾರದಿತ್ತಾ?"

"ಬೇಕು ಅಂದ್ರಿ, ತಗೊಳ್ಳಿ ಅಂದೆ. ಬಾಗಿಲು ದಾಟುತ್ತಾ ಅಂತ ಯಾರು ಕೇಳಿದ್ರು?"

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಗಲು ನೋಡಿದ.

"ಸರಿ, ನಾಳೆ ಬಂದು ಸಂಗ್ರಹಾಲಯದಲ್ಲೇ ಒಂದು ಕಟ್ಟಿಕೊಡಿ. ನದಿ ಮಣ್ಣು ಬೇಕಾದಷ್ಟು ಜೀಪಲ್ಲಿ ತರಿಸ್ತೀನಿ."

ನಗು ನಿಂತಿತು.

"ಅದೇ ಜೀಪಲ್ಲಿ ನಮ್ಮ ಹನ್ನೊಂದು ಮನೆಗೂ ತರಿಸ್ತೀರಾ?" ಜಗ್‌ರಾನಿ ಕೇಳಿದಳು.

"ಮನೆಗೆ ಕಾನೂನು ಬಿಡಲ್ಲಮ್ಮ. ಪ್ರದರ್ಶನಕ್ಕಾದ್ರೆ ಅನುಮತಿ ಇದೆ."

"ಪ್ರದರ್ಶನದ ದೆಹರೀಲಿ ಏನು ತುಂಬ್ತೀರಿ?"

"ಏನಿಲ್ಲ. ಖಾಲಿ. ಜನ ನೋಡ್ತಾರೆ ಅಷ್ಟೆ."

"ನಮ್ಮ ಭತ್ತ ಇಲಿ ತಿನ್ನುತ್ತೆ, ನಿಮ್ಮ ದೆಹರಿ ಖಾಲಿ ನಿಲ್ಲುತ್ತೆ. ನಾನು ಬರಲ್ಲ."

"ಇದು ಆದೇಶ, ಜಗ್‌ರಾನಿಯಮ್ಮ."

"ಕೇಳಿಸ್ತು ಸಾಹೇಬ್ರೆ. ಬರಲ್ಲ. ನಿಮ್ಮ ಹುಡುಗರಿಗೆ ಹೇಳಿ, ಅದನ್ನ ಇದ್ದ ಜಾಗದಲ್ಲೇ ಇಡ್ಲಿ. ನವಿಲಿನ ಮುಖ ಈ ಕಡೆಗೆ."